ದ್ರಾಕ್ಷಿಯೂರಿನಲ್ಲಿ ಕಂಡ ಸ್ತ್ರೀಯರ ಬೈಸಿಕಲ್ ಪಂದ್ಯ

ಕೆಲವು ನೋಟಗಳು ಕಣ್ಣಿಗೆ ದೊರೆಯುವುದು ಒಂದು ಗಳಿಗೆ. ಮನಸ್ಸಿನಲ್ಲಿ ಉಳಿಯುವುದು ಬಹುಕಾಲ. ತೇರು ಬೀದಿಯ ತಿರುವಿನಲ್ಲಿ ನಮ್ಮೆದುರಿಗೆ ಹಾದುಹೋಗುವುದು ಎಷ್ಟು ಹೊತ್ತು? ಆದರೂ ಅದಕ್ಕಾಗಿ ಹರಿದಾರಿಗಟ್ಟಲೆ ನಡೆದು ಬರುವವರುಂಟು. ಬೆಳಗಿನಿಂದ ಬಿಸಿಲಿನಲ್ಲಿ ಕಾದು ನಿಲ್ಲುವವರುಂಟು. ಕಾಯುವುದೇ ಉತ್ಸವದ ಅರ್ಧಭಾಗವೆಂಬುದನ್ನು ನಮ್ಮ ಹಳ್ಳಿಯ ಜನಕ್ಕೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಇಂತಹುದೇ ಒಂದು ನೋಟವನ್ನು ಈ ತಿಂಗಳು ವಾಚಕರ ಮುಂದಿಡಬೇಕೆಂದಿದ್ದೇವೆ. ಅದು ರಥೋತ್ಸವವಲ್ಲ, ಫ್ರಾನ್ಸ್ ದೇಶದಲ್ಲಿ ದ್ರಾಕ್ಷಿ ಬೆಳೆಯುವ ಒಂದು ಸಣ್ಣ ಹಳ್ಳಿಯ ಮೂಲಕ ಹಾದುಹೋದ ಸ್ತ್ರೀಯರ ಬೈಸಿಕಲ್ ಪಂದ್ಯ.

2022ನೆಯ ಇಸವಿಯ ಜುಲೈ ತಿಂಗಳಿನಲ್ಲಿ ನಾವು ಮನೆಯವರೊಡನೆ ಆ ದೇಶದ ರೀಮ್ಸ್ ಪಟ್ಟಣದಲ್ಲಿರುವ ಮಗಳು ಅಳಿಯಂದಿರ ಮನೆಯಲ್ಲಿ ಕೆಲವು ವಾರ ಇದ್ದೆವು. ಆ ತಿಂಗಳ 26ನೆಯ ತಾರೀಖು ಪಂದ್ಯದ ಮೂರನೆಯ ದಿನ. ಸವಾರರು ರೀಮ್ಸಿನಿಂದ ಹೊರಟು, ಗುಡ್ಡಗಳನ್ನು ಸುತ್ತಿ, ಎಪರ್ನೇ ಎಂಬ ಪಟ್ಟಣವನ್ನು ಸೇರಬೇಕು. ದಾರಿ ಸುಮಾರು 133 ಕಿಲೋಮೀಟರು. ಎಪರ್ನೇಗೆ ಸಮೀಪದಲ್ಲಿ, ಮಾರ್ನ್ ನದಿಯ ಕಣಿವೆಯನ್ನು ನೋಡುತ್ತ ಗುಡ್ಡದ ಮೇಲೆ ಕುಳಿತಿರುವ ಮುತಿನ್ಯೀ ಎಂಬುದೇ ನಾವು ಹೋದ ಹಳ್ಳಿ. ಅಲ್ಲಿಗೆ ಏರುವ ದಾರಿ ಬಹಳ ಕಡಿದು. “ಸಮನೆಲದಲ್ಲಿ ನಿಂತರೆ ಒಂದು ಬಿರುಗಾಳಿ ಬೀಸಿದಂತಾಗುವುದು, ಅಪ್ಪ, ಮುಖಗಳನ್ನು ನೋಡಬೇಕಾದರೆ ಏರಿನಲ್ಲಿ ನಿಲ್ಲಬೇಕು” ಎಂದು ನಮ್ಮ ಮಗಳು ಹೇಳಿದಳು.

ಷಾಂಪೇನ್ ಎಂಬ ಹೆಸರಿನ ಪ್ರಸಿದ್ಧ ಮದ್ಯವು ಈ ಸೀಮೆಯದು. ನಾವು ಅದನ್ನು ಮುಟ್ಟುವವರಲ್ಲ. ಆದರೆ ಬೆಳೆಯುವವರ ಶ್ರಮವನ್ನು ಕೊಂಡಾಡುವುದಕ್ಕೆ ಕುಡಿಯಲೇಬೇಕೆಂಬ ನಿಯಮವಿಲ್ಲ. ಸುಮಾರು 34,000 ಹೆಕ್ಟೇರು ನೆಲದಲ್ಲಿ ಸಾಲುಸಾಲಾಗಿ ದ್ರಾಕ್ಷಿಬಳ್ಳಿ. ನೆಲದಡಿಯೆಲ್ಲ ಸೀಮೆಸುಣ್ಣದ ಬಂಡೆ. ಅದು ಮಳೆಯ ನೀರನ್ನು ಹೀರಿ ಇಟ್ಟುಕೊಂಡು ಬೇಸಗೆಯಲ್ಲಿ ಬೇರಿಗೆ ಒದಗಿಸುವುದು. ಜೀವಮಾನವೆಲ್ಲ ಸೀಮೆಸುಣ್ಣವನ್ನು ಕರಿಹಲಗೆಯ ಮೇಲೆ ತೇಯ್ದ ನಮಗೆ, ಅದೇ ವಸ್ತುವು ಒಂದು ನಾಡಿಗೆ ಅನ್ನ ಕೊಡುತ್ತಿರುವುದನ್ನು ಕಂಡು ಸಂತೋಷವಾಯಿತು. ಚಳಿಗಾಲದಲ್ಲಿ ಬಳ್ಳಿಗಳನ್ನು ಒಂದೊಂದಾಗಿ ಕೈಯಿಂದಲೇ ಸವರಬೇಕು. ಹಣ್ಣನ್ನು ಕೈಯಿಂದಲೇ ಕೊಯ್ಯಬೇಕೆಂಬುದು ಅಲ್ಲಿಯ ಕಟ್ಟಳೆ. ಹಿಂಡಿದ ರಸವು ಒಮ್ಮೆ ಹುದುಗಿದ ಮೇಲೆ ಸೀಸೆಯೊಳಗೆ ಎರಡನೆಯ ಸಲ ಹುದುಗುವುದು. ಆಗ ಹುಟ್ಟುವ ವಾಯುವಿನ ಒತ್ತಡ ಹೊರಗಿನ ಗಾಳಿಯ ಒತ್ತಡದ ಐದಾರು ಪಾಲಿನಷ್ಟು. ಪಂದ್ಯದ ಬೈಸಿಕಲ್ಲಿನ ಚಕ್ರದಲ್ಲಿ ತುಂಬುವ ಗಾಳಿಗೆ ಹೆಚ್ಚುಕಡಿಮೆ ಸಮ. ಈ ಗುಡ್ಡಗಳನ್ನೂ ನೆಲಮಾಳಿಗೆಗಳನ್ನೂ ಯುನೆಸ್ಕೋ ಸಂಸ್ಥೆಯು 2015ರಲ್ಲಿ ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು.

ಈ ಸೀಮೆಯ ಕೀರ್ತಿಗೆ ಮುಖ್ಯಕಾರಣರಾದವರಲ್ಲಿ ಒಬ್ಬಾಕೆ ವಿಧವೆ ಎಂಬುದನ್ನು ಇಲ್ಲಿ ಹೇಳತಕ್ಕದ್ದು. ರೀಮ್ಸಿನ ವರ್ತಕ ಕ್ಲಿಕೋ ಎಂಬಾತನು 1805ರಲ್ಲಿ ತೀರಿಕೊಂಡಾಗ ಆತನ ಹೆಂಡತಿಗೆ ವಯಸ್ಸು 27. ನೆಪೋಲಿಯನ್ನನ ಕಾಲದ ಕಾನೂನಿನ ಪ್ರಕಾರ ಗಂಡನಿರುವ ಸ್ತ್ರೀಯು ಸ್ವತಂತ್ರವಾಗಿ ವ್ಯವಹಾರ ಮಾಡುವಂತಿರಲಿಲ್ಲ, ವಿಧವೆಯಾದರೆ ಮಾಡಬಹುದಾಗಿತ್ತು. ಆಕೆ ಕಣ್ಣೊರಸಿಕೊಂಡು ಅಂಗಡಿಯ ಲೆಕ್ಕದ ಪುಸ್ತಕವನ್ನು ತೆಗೆದಳು. ಸೀಸೆಯ ತಳದಲ್ಲಿ ನಿಲ್ಲುವ ಗಸಿಯನ್ನು ತೆಗೆಯುವುದು ಆ ಕಾಲದ ದೊಡ್ಡ ತೊಡಕಾಗಿತ್ತು. ಸೀಸೆಗಳನ್ನು ತೂತುಮಾಡಿದ ಹಲಗೆಯಲ್ಲಿ ತಲೆಕೆಳಗಾಗಿ ನಿಲ್ಲಿಸಿ, ದಿನದಿನಕ್ಕೆ ಸ್ವಲ್ಪಸ್ವಲ್ಪ ತಿರುಗಿಸಿ, ಗಸಿಯನ್ನು ಬಾಯಿಗೆ ಇಳಿಸುವ ಉಪಾಯವು ಆಕೆಯ ನೆಲಮಾಳಿಗೆಯಲ್ಲಿ ಹುಟ್ಟಿತು. ಗಂಡನು ಸತ್ತ ಮೇಲಲ್ಲದೆ ಹೆಣ್ಣಿನ ಬುದ್ಧಿಗೆ ಬಾಗಿಲು ತೆರೆಯದ ಕಾನೂನು ಎಂತಹುದೆಂಬುದನ್ನು ವಾಚಕರೇ ಯೋಚಿಸಲಿ.

ನಾವು ಮುತಿನ್ಯೀಯನ್ನು ಸೇರಿದಾಗ ಊಟದ ಹೊತ್ತು. ಏರಿನ ಎರಡು ಪಕ್ಕಗಳಲ್ಲಿಯೂ ಆಗಲೇ ಜನ. ಮಡಿಸುವ ಕುರ್ಚಿಗಳು, ಬುತ್ತಿಯ ಬುಟ್ಟಿಗಳು, ತಂದೆಯ ಹೆಗಲೇರಿದ ಮಕ್ಕಳು. ತೋಟದ ಬೇಲಿಗೆ ಬಣ್ಣದ ಕಾಗದ ಕಟ್ಟಿದ ಹಳೆಯ ಬೈಸಿಕಲ್ಲುಗಳನ್ನು ಆನಿಸಿದ್ದರು. ಬಳ್ಳಿಗಳಲ್ಲಿ ಕಾಯಿ ಇನ್ನೂ ಹಸುರು. ನಮ್ಮ ಮನೆಯವರ ಸೀರೆಯನ್ನು ನೋಡಿ ಒಬ್ಬ ಮುದುಕಿಯು ತಾನಾಗಿ ಎದ್ದು ತನ್ನ ಕುರ್ಚಿಯನ್ನು ಕೊಟ್ಟಳು. ಮಗಳ ಮೂಲಕ ಮಾತು ನಡೆಯಿತು. ಆಕೆ ನಲವತ್ತು ಚಳಿಗಾಲ ಈ ತೋಟಗಳಲ್ಲಿ ಬಳ್ಳಿ ಸವರಿದವಳಂತೆ. “ನಾನೂ ಈ ಏರನ್ನು ಬೈಸಿಕಲ್ಲಿನಲ್ಲಿಯೇ ಹತ್ತುತ್ತಿದ್ದೆ, ಬೆನ್ನಿಗೆ ಕತ್ತರಿಯ ಚೀಲ ಕಟ್ಟಿಕೊಂಡು. ಆಗ ಯಾರೂ ಚಪ್ಪಾಳೆ ತಟ್ಟಲಿಲ್ಲ” ಎಂದು ನಕ್ಕಳು. ನಮ್ಮ ಮನೆಯವರು ಅದಕ್ಕೆ, “ನೀರು ಹೊತ್ತವರಿಗೂ ಯಾರೂ ತಟ್ಟಲಿಲ್ಲವೆಂದು ಹೇಳಮ್ಮ” ಎಂದರು. ಮಗಳು ಅದನ್ನು ತಿಳಿಯಹೇಳಿದಾಗ ಮುದುಕಿಯು ಇವರ ಕೈಯನ್ನು ಹಿಡಿದುಕೊಂಡು ಬಹಳ ಹೊತ್ತು ಬಿಡಲಿಲ್ಲ.

ಮೊದಲು ಬಂದದ್ದು ವರ್ತಕರ ಮೆರವಣಿಗೆ. ಅಲಂಕರಿಸಿದ ಮೋಟಾರುಗಳಿಂದ ಟೋಪಿ, ಮಿಠಾಯಿ, ಕೈಚೀಲಗಳನ್ನು ಎಸೆಯುತ್ತ ಹೋದರು. ಪ್ರಾಯಸ್ಥರೂ ಮಕ್ಕಳಂತೆ ಆಯ್ದುಕೊಂಡರು. ಆಮೇಲೆ ಮೋಟಾರು ಬೈಸಿಕಲ್ಲಿನ ಪೋಲೀಸಿನವರು ಬಂದು ದಾರಿಯನ್ನು ತೆರವು ಮಾಡಿದರು. ಆಕಾಶದಲ್ಲಿ ಹೆಲಿಕಾಪ್ಟರಿನ ಸದ್ದು ಕೇಳಿಸಿತು. ಜನರೆಲ್ಲ ಒಮ್ಮೆಗೇ ಎದ್ದು ನಿಂತರು. ತಿರುವಿನಲ್ಲಿ ಬಣ್ಣಬಣ್ಣದ ಅಂಗಿಗಳು ಕಂಡವು.

ಬಂದರು, ಹೋದರು. ಆದರೆ ಏರು ಕಡಿದಾದುದರಿಂದ ಮುಖಗಳನ್ನು ನಿಜವಾಗಿಯೂ ನೋಡಿದೆವು. ಅವುಗಳಲ್ಲಿ ಅಲಂಕಾರವಿಲ್ಲ, ಮುಗುಳ್ನಗೆಯಿಲ್ಲ. ಬಾಯಿ ತೆರೆದಿತ್ತು, ಮೂಗಿನಿಂದ ಬೆವರು ಸುರಿಯುತ್ತಿತ್ತು, ದೃಷ್ಟಿ ಮುಂದಿನವಳ ಚಕ್ರದಲ್ಲಿ ನೆಟ್ಟಿತ್ತು. ನಮ್ಮ ಕವಿಗಳು ಸ್ತ್ರೀಯನ್ನು ಮಂದಗಮನೆಯೆಂದೂ ಗಜಗಮನೆಯೆಂದೂ ಹೊಗಳಿದ್ದಾರೆ. ಆ ಹೊಗಳಿಕೆ ಇಲ್ಲಿ ಒಬ್ಬಳಿಗೂ ಸಲ್ಲದು. ಆ ವರ್ಷದ ಎಂಟು ದಿನಗಳ ಪಂದ್ಯದಲ್ಲಿ, ಬೆಟ್ಟಗುಡ್ಡಗಳೆಲ್ಲ ಸೇರಿ, ಗೆದ್ದವಳ ಸರಾಸರಿ ವೇಗವು ಗಂಟೆಗೆ ಸುಮಾರು 38 ಕಿಲೋಮೀಟರು.

ಮುಂದಿನ ಗುಂಪು ಹೋದ ಮೇಲೆ ಚಿಕ್ಕಚಿಕ್ಕ ಗುಂಪುಗಳು ಬಂದವು. ಬದಲಿ ಬೈಸಿಕಲ್ಲುಗಳನ್ನು ತಲೆಯ ಮೇಲೆ ಹೊತ್ತ ಮೋಟಾರುಗಳು ಬಂದವು. ಎಲ್ಲವೂ ಮುಗಿಯಿತೆಂದುಕೊಂಡಾಗ ಒಬ್ಬಳೇ ಒಬ್ಬ ಹುಡುಗಿ ಬಂದಳು. ಮೊಣಕೈಯಲ್ಲಿ ಪಟ್ಟಿ, ಅಂಗಿಯಲ್ಲಿ ಧೂಳು. ಮೊದಲಿನವರಿಗೆ ತಟ್ಟಿದ್ದಕ್ಕಿಂತ ದೊಡ್ಡ ಚಪ್ಪಾಳೆಯು ಆಕೆಗೆ ಬಿತ್ತು. ಬಳ್ಳಿ ಸವರುವ ಮುದುಕಿಯು ಎದ್ದು ನಿಂತು ಕೂಗಿದಳು. ನಮ್ಮ ಮನೆಯವರು ಹೇಳಿದ್ದು ಒಂದೇ ಮಾತು: “ಆ ಮಗು ಹೊಟ್ಟೆಗೆ ಏನಾದರೂ ತಿಂದಿದೆಯೋ ಇಲ್ಲವೋ!”

ಅಲಂಕಾರಶಾಸ್ತ್ರದಲ್ಲಿ ಕಾವ್ಯಕ್ಕೆ ಪಾಕಗಳನ್ನು ಹೇಳುವುದುಂಟು. ಬಾಯಿಗಿಟ್ಟೊಡನೆ ರಸವನ್ನು ಕೊಡುವುದು ದ್ರಾಕ್ಷಾಪಾಕ. ಒಡೆದು ನೋಡಬೇಕಾದದ್ದು ನಾರಿಕೇಳಪಾಕ. ಈ ಪಂದ್ಯವು ನಡೆದದ್ದು ದ್ರಾಕ್ಷಾವನದಲ್ಲಿಯಾದರೂ ಅದರ ಪಾಕ ನಾರಿಕೇಳದ್ದು. ಹೊರಗಿನಿಂದ ನೋಡಿದವರಿಗೆ ಕೆಲವರು ಚಕ್ರ ತುಳಿಯುತ್ತ ಹೋದಂತೆ ಮಾತ್ರ ಕಾಣುವುದು. ಒಳಗಿನ ಮರ್ಮವನ್ನು ನಮ್ಮ ಅಳಿಯ ಬಿಡಿಸಿ ಹೇಳಿದರು. ವೇಗ ಹೆಚ್ಚಿದಂತೆ ಗಾಳಿಯ ತಡೆ ಬಹಳವಾಗಿ ಹೆಚ್ಚುವುದು. ಮುಂದೆ ಹೋಗುವವಳು ಆ ಗಾಳಿಯನ್ನು ಸೀಳುವಳು. ಹಿಂದೆ ಅಂಟಿಕೊಂಡು ಬರುವವಳಿಗೆ ಮೂರರಲ್ಲಿ ಒಂದು ಪಾಲಿನಷ್ಟು ಶಕ್ತಿ ಉಳಿಯುವುದು. ಆದುದರಿಂದ ಒಂದು ತಂಡದಲ್ಲಿ ಕೆಲವರು ಸರದಿಯಂತೆ ಮುಂದೆ ನಿಂತು ಗಾಳಿಯನ್ನು ತಾವು ತಿಂದು, ತಮ್ಮಲ್ಲಿ ಒಬ್ಬಳನ್ನು ಕೊನೆಯ ಹಂತದವರೆಗೆ ಕಾಪಾಡಿ ತರುವರು. ಮೋಟಾರಿನಿಂದ ನೀರಿನ ಸೀಸೆಗಳನ್ನು ಹೊತ್ತು ತಂದು ಹಂಚುವರು. ಆಕೆಯ ಚಕ್ರ ಕೆಟ್ಟರೆ ತಮ್ಮದನ್ನು ಬಿಚ್ಚಿ ಕೊಡುವರು. ಗೆದ್ದವಳ ಹೆಸರು ಪತ್ರಿಕೆಯಲ್ಲಿ ಬರುವುದು. ಗಾಳಿ ತಿಂದವರ ಹೆಸರು ಬರುವುದಿಲ್ಲ. ಅವಿಭಕ್ತ ಕುಟುಂಬದಲ್ಲಿ ಬೆಳೆದವರಿಗೆ ಈ ವ್ಯವಸ್ಥೆ ತಿಳಿಯದ್ದಲ್ಲ. ಒಬ್ಬ ತಮ್ಮನು ಓದಿ ಮೇಲೆ ಬರಲೆಂದು ಅಣ್ಣನು ನೇಗಿಲು ಹಿಡಿದು ನಿಂತ ಮನೆಗಳು ನಮ್ಮಲ್ಲಿ ಎಷ್ಟಿಲ್ಲ?

ಆ ದಿನ ಎಪರ್ನೇಯಲ್ಲಿ ಗೆದ್ದವಳು ಡೆನ್ಮಾರ್ಕ್ ದೇಶದ ಸೆಸಿಲೀ ಉಟ್ರುಪ್ ಲುಡ್ವಿಗ್. ಹಿಂದಿನ ದಿನವಷ್ಟೆ ಈಕೆ ಬಿದ್ದು, ಒಂದು ನಿಮಿಷಕ್ಕೂ ಹೆಚ್ಚು ಕಾಲವನ್ನು ಕಳೆದುಕೊಂಡಿದ್ದಳು. ಇಡೀ ಪಂದ್ಯವನ್ನು ಗೆದ್ದವಳು ಹಾಲೆಂಡಿನ ಆನೆಮೀಕ್ ಫಾನ್ ಫ್ಲೂಟನ್. ಆಗ ಆಕೆಗೆ 39 ವರ್ಷ. ಮೊದಲ ದಿನಗಳಲ್ಲಿ ಹೊಟ್ಟೆಯ ರೋಗದಿಂದ ನರಳಿದ ಆಕೆ ಏಳನೆಯ ದಿನ ಬೆಟ್ಟಗಳಲ್ಲಿ ಸುಮಾರು 60 ಕಿಲೋಮೀಟರು ಒಂಟಿಯಾಗಿ ಸವಾರಿ ಮಾಡಿ ಎಲ್ಲರನ್ನೂ ಹಿಂದಿಟ್ಟಳು.

ಈ ದಾರಿ ಸ್ತ್ರೀಯರಿಗೆ ಸುಲಭವಾಗಿ ತೆರೆದದ್ದಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸಮಗಾತ್ರದ ಎರಡು ಚಕ್ರಗಳ ಬೈಸಿಕಲ್ಲೂ ಗಾಳಿ ತುಂಬಿದ ಟೈರೂ ಬಳಕೆಗೆ ಬಂದಾಗ ಯೂರೋಪು ಅಮೆರಿಕಗಳ ಹೆಂಗಸರು ಆಸೆಯಿಂದ ಕಲಿತರು. ಕೆಲವು ವೈದ್ಯರು, ಬೈಸಿಕಲ್ ತುಳಿದರೆ ಹೆಂಗಸರ ಮುಖ ವಿಕಾರವಾಗುವುದೆಂದು ಹೆದರಿಸಿದರು; ಆ ರೋಗಕ್ಕೆ ‘ಬೈಸಿಕಲ್ ಮುಖ’ ಎಂದು ಹೆಸರನ್ನೂ ಇಟ್ಟರು. 1924ರಲ್ಲಿ ಅಲ್ಫೊನ್ಸೀನಾ ಸ್ತ್ರಾದಾ ಎಂಬ ಇಟಲಿಯ ಸ್ತ್ರೀ ಆ ದೇಶದ ಪ್ರದಕ್ಷಿಣೆಯ ಮಹಾಪಂದ್ಯದಲ್ಲಿ ಗಂಡಸರ ನಡುವೆಯೇ ಹೊರಟಳು. ಕೆಲವು ಪಟ್ಟಿಗಳಲ್ಲಿ ಆಕೆಯ ಹೆಸರು ಕೊನೆಯ ಆಕಾರವನ್ನು ಕಳೆದುಕೊಂಡು ‘ಅಲ್ಫೊನ್ಸಿನ್’ ಎಂದು ಅಚ್ಚಾಯಿತು. ವ್ಯಾಕರಣವನ್ನು ಓದಿದವರು ಇದನ್ನು ಸ್ತ್ರೀಪ್ರತ್ಯಯಲೋಪ ಎನ್ನಬಹುದು; ಪಾಣಿನಿಯ ಯಾವ ಸೂತ್ರವೂ ಇದಕ್ಕೆ ಆಧಾರವಾಗಲಾರದು! ಬಿರುಗಾಳಿ ಮಳೆಗಳಲ್ಲಿ ಒಂದು ದಿನ ಆಕೆ ನಿಯತಕಾಲವನ್ನು ಮೀರಿ ಬಂದದ್ದರಿಂದ ಆಕೆಯನ್ನು ಎಣಿಕೆಯಿಂದ ತೆಗೆದರು. ಆದರೂ ಸವಾರಿ ಮುಂದುವರಿಸಲು ಒಪ್ಪಿದರು. ಹೊರಟ 90 ಮಂದಿಯಲ್ಲಿ ಕೊನೆಯನ್ನು ಮುಟ್ಟಿದವರು 30 ಮಂದಿ. ಎಣಿಕೆಯಲ್ಲಿ ಸೇರದಿದ್ದರೂ ಆಕೆಯೂ ಮುಟ್ಟಿದಳು.

ಸ್ತ್ರೀಯರಿಗೆ ರಸ್ತೆಯ ಪಂದ್ಯದಲ್ಲಿ ಜಗತ್ತಿನ ಪ್ರಶಸ್ತಿಯನ್ನು ಮೊದಲು ಏರ್ಪಡಿಸಿದ್ದು 1958ರಲ್ಲಿ, ಇದೇ ರೀಮ್ಸಿನಲ್ಲಿ. ಗೆದ್ದವಳು ಲಕ್ಸೆಂಬುರ್ಗಿನ ಎಲ್ಸೀ ಜಾಕೋಬ್ಸ್. ಆ ವರ್ಷ ಫ್ರಾನ್ಸಿನ ಗೃಹಿಣಿಯು ಗಂಡನ ಒಪ್ಪಿಗೆಯಿಲ್ಲದೆ ಬ್ಯಾಂಕಿನಲ್ಲಿ ಸ್ವಂತ ಲೆಕ್ಕವನ್ನು ತೆರೆಯುವಂತಿರಲಿಲ್ಲ. ಅದಕ್ಕೆ ಕಾನೂನು ಬಂದದ್ದು 1965ರಲ್ಲಿ. ಒಲಿಂಪಿಕ್ ಕ್ರೀಡೆಯಲ್ಲಿ ಗಂಡಸರ ರಸ್ತೆಪಂದ್ಯವು 1896ರಲ್ಲಿಯೇ ನಡೆದಿತ್ತು. ಸ್ತ್ರೀಯರದು 1984ರಲ್ಲಿ ಬಂತು. ಅದೇ ವರ್ಷ ಫ್ರಾನ್ಸಿನ ಪ್ರದಕ್ಷಿಣೆಯ ಪಂದ್ಯದ ಜೊತೆಗೆ ಸ್ತ್ರೀಯರದನ್ನೂ ಆರಂಭಿಸಿದರು. ಅಮೆರಿಕದ ಮೇರಿಯಾನ್ ಮಾರ್ಟಿನ್ ಗೆದ್ದಳು. ದೊರೆತದ್ದು ಸುಮಾರು ಸಾವಿರ ಡಾಲರು. 1989ರ ತರುವಾಯ ಆ ಜೊತೆ ತಪ್ಪಿತು. ಬೇರೆ ಬೇರೆ ಹೆಸರುಗಳಿಂದ ಕುಂಟುತ್ತ ನಡೆದ ಸ್ತ್ರೀಯರ ಪಂದ್ಯ 2009ರ ಮೇಲೆ ನಿಂತೇಹೋಯಿತು. 2013ರಲ್ಲಿ ಹಾಲೆಂಡಿನ ಮರಿಯಾನ ಫೋಸ್ ಮೊದಲಾದ ನಾಲ್ವರು ಸ್ತ್ರೀಯರು ಒಂದು ಮನವಿಯನ್ನು ಹೊರಡಿಸಿದರು. ಲಕ್ಷಕ್ಕೆ ಸಮೀಪವಾಗಿ ಜನ ರುಜು ಹಾಕಿದರು. ಮರುವರ್ಷ ಒಂದು ದಿನದ ಪಂದ್ಯವನ್ನು ಕೊಟ್ಟರು. ಎಂಟು ದಿನಗಳದು ದೊರೆತದ್ದು 2022ರಲ್ಲಿ. ಆ ಜುಲೈ 24ರಂದು ಪ್ಯಾರಿಸಿನಲ್ಲಿ ಹೊರಟ 144 ಮಂದಿಯಲ್ಲಿ ಫೋಸ್ ಕೂಡ ಇದ್ದಳು. ಮುತಿನ್ಯೀಯ ಏರಿನಲ್ಲಿ ಮುಂದಾಳಿನ ಹಳದಿ ಅಂಗಿಯನ್ನು ತೊಟ್ಟು ನಮ್ಮೆದುರಿಗೆ ಹಾದುಹೋದವಳು ಆಕೆಯೇ.

ಬಹುಮಾನದ ಲೆಕ್ಕವನ್ನೂ ಗೃಹಸ್ಥರು ತಿಳಿದುಕೊಳ್ಳುವುದು ಮೇಲು. ಆ ವರ್ಷ ಸ್ತ್ರೀಯರಲ್ಲಿ ಗೆದ್ದವಳಿಗೆ 50,000 ಯೂರೋ, ಗಂಡಸರಲ್ಲಿ ಗೆದ್ದವನಿಗೆ 5,00,000. ಗಂಡಸರದು 21 ದಿನಗಳ ಸವಾರಿ, ಸ್ತ್ರೀಯರದು 8 ದಿನಗಳದು ಎಂದು ಸಮಾಧಾನ ಹೇಳುವವರುಂಟು. ದಿನದ ಲೆಕ್ಕ ಹಾಕಿದರೂ ಹತ್ತರ ಅಂತರವು ಸರಿಹೋಗುವುದಿಲ್ಲ. ತ್ರೈರಾಶಿಯನ್ನು ಬಲ್ಲ ಯಾವ ಹುಡುಗನೂ ಇದನ್ನು ಹೇಳುವನು.

ಆಮೇಲಿನ ವರ್ಷಗಳಲ್ಲಿ ಪಂದ್ಯ ಬೆಳೆಯುತ್ತ ಬಂದಿದೆ. 2024ರಲ್ಲಿ ಪೋಲೆಂಡಿನ ಕಾಸ್ಯಾ ನೀವ್ಯಾದೋಮಾ ಗೆದ್ದದ್ದು ಕೇವಲ 4 ಸೆಕೆಂಡುಗಳಿಂದ. 2025ರಲ್ಲಿ ಒಂಬತ್ತು ದಿನಗಳ ಪಂದ್ಯವನ್ನು ಗೆದ್ದವಳು ಪೋಲಿನ್ ಫೆರಾಂ-ಪ್ರೆವೋ, ರೀಮ್ಸಿನಲ್ಲಿಯೇ ಹುಟ್ಟಿದವಳು. ಎಲ್ಸೀ ಜಾಕೋಬ್ಸ್ ಗೆದ್ದ ಪಟ್ಟಣದ ಮಗಳೊಬ್ಬಳಿಗೆ ಹಳದಿ ಅಂಗಿ ದೊರೆಯಲು 67 ವರ್ಷಗಳು ಬೇಕಾದವು.

ಇಷ್ಟು ದೂರದ ಊರಿನ ಸಂಗತಿಯನ್ನು ಇಷ್ಟು ವಿಸ್ತಾರವಾಗಿ ಬರೆಯುವುದಕ್ಕೆ ಒಂದು ಕಾರಣವಿದೆ. ದ್ರಾಕ್ಷಿಯೂ ಬೈಸಿಕಲ್ಲೂ ಜೊತೆಯಾಗಿರುವ ಸೀಮೆ ನಮ್ಮಲ್ಲಿಯೂ ಒಂದುಂಟು. ವಿಜಯಪುರ ಜಿಲ್ಲೆಯ ದ್ರಾಕ್ಷಿ, ತಿಕೋಟೆಯ ಕಡೆಯ ಒಣದ್ರಾಕ್ಷಿಗಳನ್ನು ಅರಿಯದವರಿಲ್ಲ. ಆ ಜಿಲ್ಲೆಯ ಹುಡುಗ ಹುಡುಗಿಯರು ಬೈಸಿಕಲ್ ಪಂದ್ಯಗಳಲ್ಲಿ ಹೆಸರು ಪಡೆದವರು. ಅವರ ಶಿಕ್ಷಣಕ್ಕಾಗಿ ಕ್ರೀಡಾ ವಸತಿನಿಲಯವೂ ಅಲ್ಲಿದೆ. ಆ ಕಡೆಯ ಒಬ್ಬ ಗೃಹಸ್ಥರು ಈಚೆಗೆ ನಮಗೆ ಕಾಗದ ಬರೆದಿದ್ದಾರೆ. ಅವರ ಹದಿಮೂರು ವರ್ಷದ ಮಗಳು ಚೆನ್ನಾಗಿ ಸವಾರಿ ಮಾಡುವಳಂತೆ. ಗುರುಗಳು ಕಳುಹಿಸಿಕೊಡಿ ಎನ್ನುತ್ತಾರಂತೆ. ಮನೆಯ ಹಿರಿಯರು, “ದೊಡ್ಡವಳಾಗುತ್ತ ಬಂದಳು, ಇನ್ನು ಸಾಕು. ಬಿಸಿಲಿಗೆ ಕಪ್ಪಾದರೆ, ಬಿದ್ದು ಕೈಕಾಲು ಮುರಿದುಕೊಂಡರೆ, ನಾಳೆ ಯಾರು ಮಾಡಿಕೊಳ್ಳುವರು?” ಎನ್ನುವರಂತೆ. “ಬಾಳುವ ದಾರಿಯನ್ನು ತಿಳಿದವರು ತಾವು, ಏನು ಮಾಡಲಿ?” ಎಂದು ಅವರ ಪ್ರಶ್ನೆ.

ಹಿರಿಯರ ಭಯವನ್ನು ನಾವು ಹಗುರಾಗಿ ಎಣಿಸುವುದಿಲ್ಲ. ರಸ್ತೆಯಲ್ಲಿ ಲಾರಿಗಳು ಹೇಗೆ ಓಡುತ್ತವೆಂಬುದನ್ನೂ, ಹೆಣ್ಣುಮಕ್ಕಳನ್ನು ಕಂಡರೆ ಕೆಲವರ ನಾಲಗೆ ಹೇಗೆ ಹರಿಯುತ್ತದೆಂಬುದನ್ನೂ ನಾವು ಬಲ್ಲೆವು. ಆದರೆ ಮೂವತ್ತು ವರ್ಷಗಳಿಗೂ ಮೇಲೆ ಪ್ರೌಢಶಾಲೆಯಲ್ಲಿ ಪಾಠ ಹೇಳಿದವರಾಗಿ ಒಂದು ಮಾತನ್ನು ಹೇಳಬಲ್ಲೆವು. ಸುತ್ತಣ ಹಳ್ಳಿಗಳಲ್ಲಿ ಏಳನೆಯ ತರಗತಿಯವರೆಗೆ ಓದಿ, ಶಬ್ದರೂಪಗಳನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗಿಯರು ಎಂಟನೆಯ ತರಗತಿಗೆ ಬರುತ್ತಲೇ ಇರಲಿಲ್ಲ. ಅವರಿಗೆ ಬುದ್ಧಿ ಕಡಮೆಯಾಗಿರಲಿಲ್ಲ. ಮನೆಗೂ ಶಾಲೆಗೂ ನಡುವೆ ನಾಲ್ಕು ಮೈಲಿ ಇತ್ತು, ಅಷ್ಟೆ. 2006–07ರಲ್ಲಿ ಸರ್ಕಾರದವರು ಎಂಟನೆಯ ತರಗತಿಯ ಮಕ್ಕಳಿಗೆ ಬೈಸಿಕಲ್ ಕೊಡಲಾರಂಭಿಸಿದ ಮೇಲೆ, ಬೆಳಿಗ್ಗೆ ಒಂಬತ್ತೂವರೆಯ ಹೊತ್ತಿಗೆ ನಮ್ಮ ಶಾಲೆಯ ಹುಣಿಸೆಯ ಮರದ ಕೆಳಗೆ ಹುಡುಗಿಯರ ಬೈಸಿಕಲ್ಲುಗಳ ಸಾಲು ನಿಲ್ಲತೊಡಗಿತು. ಆ ಸಾಲಿನಲ್ಲಿ ಬಂದವರ ಪೈಕಿ ಇಬ್ಬರು ಈಗ ದಾದಿಯರು, ಒಬ್ಬಳು ಉಪಾಧ್ಯಾಯಿನಿ. ನಾಲ್ಕು ಮೈಲಿಯ ದೂರವು ಎಷ್ಟು ಜೀವಮಾನಗಳನ್ನು ನುಂಗಿರಬಹುದೆಂಬುದು ಆಗಲೇ ನಮಗೆ ಸ್ಪಷ್ಟವಾಗಿ ತೋರಿದ್ದು.

ಅಮರಸಿಂಹನು ತನ್ನ ಕೋಶದಲ್ಲಿ ಸ್ತ್ರೀ ಎಂಬರ್ಥದ ಶಬ್ದಗಳನ್ನು ಹೇಳುವಾಗ ಅಬಲಾ ಎಂಬುದನ್ನೂ ಸೇರಿಸಿದ್ದಾನೆ. ಬಲವಿಲ್ಲದವಳು ಎಂದರ್ಥ. ನಮ್ಮ ತರಗತಿಯಲ್ಲಿ ಅದನ್ನು ಎಲ್ಲರಿಗಿಂತ ಗಟ್ಟಿಯಾಗಿ ಒಪ್ಪಿಸುತ್ತಿದ್ದವರು ಹುಡುಗಿಯರೇ! ಕೋಶವು ಶಬ್ದಗಳ ಬಳಕೆಯನ್ನು ಹೇಳುವ ಗ್ರಂಥ. ದೇಹದ ಬಲಾಬಲಗಳನ್ನು ಅಳೆಯುವ ತಕ್ಕಡಿಯಲ್ಲ. ಬಲವು ಅಭ್ಯಾಸದಿಂದ ಬರತಕ್ಕದ್ದು, ಅಭ್ಯಾಸಕ್ಕೆ ಅವಕಾಶ ಬೇಕು. ಅವಕಾಶವನ್ನು ಕೊಡದೆ ಬಲವಿಲ್ಲವೆನ್ನುವುದು, ಬಳ್ಳಿಗೆ ಚಪ್ಪರ ಹಾಕದೆ ಅದು ಹಬ್ಬಲಿಲ್ಲವೆಂದು ದೂರಿದಂತೆ.

ಆದುದರಿಂದ ಆ ಗೃಹಸ್ಥರಿಗೂ, ಅವರಂತೆ ಯೋಚಿಸುತ್ತಿರುವ ಇತರ ವಾಚಕರಿಗೂ ನಮ್ಮ ಬಿನ್ನಹ ಇಷ್ಟು. ಮಗಳನ್ನು ಕಳುಹಿಸಿರಿ. ಕಳುಹಿಸುವ ಮುನ್ನ ತಾಯಿತಂದೆಗಳಿಬ್ಬರೂ ಹೋಗಿ, ಇರುವ ಸ್ಥಳವನ್ನೂ ಕಲಿಸುವವರನ್ನೂ ಊಟದ ಏರ್ಪಾಡನ್ನೂ ಕಣ್ಣಾರೆ ನೋಡಿ ಬನ್ನಿರಿ. ಹುಡುಗಿಯರ ಯೋಗಕ್ಷೇಮಕ್ಕೆ ಸ್ತ್ರೀಯರು ಇದ್ದಾರೆಯೇ ಎಂದು ವಿಚಾರಿಸಿರಿ. ತಲೆಗೆ ಗಟ್ಟಿಯಾದ ಟೋಪಿಯನ್ನು ಕೊಡಿಸಿರಿ. ಹಾಲು, ಕಾಳು, ಬೆಲ್ಲ, ಹಣ್ಣುಗಳಲ್ಲಿ ಗಂಡುಮಗನಿಗೆ ಒಂದು ಪಾಲು, ಹೆಣ್ಣುಮಗಳಿಗೆ ಅರ್ಧ ಪಾಲು ಎಂಬ ಅಳತೆಯು ಮನೆಯಲ್ಲಿದ್ದರೆ ಮೊದಲು ಅದನ್ನು ಬಿಡಿರಿ. ಅವಳು ಗೆದ್ದು ಬರಲೇಬೇಕೆಂದು ಹಟ ಹಿಡಿಯಬೇಡಿರಿ. ಎಲ್ಲರಿಗಿಂತ ಹಿಂದೆ ಬಂದ ದಿನವೂ ಬಾಗಿಲಿನಲ್ಲಿ ನಿಂತು ಕರೆದುಕೊಳ್ಳಿರಿ.

ಮನೆಯ ಅಜ್ಜಿಗೆ ಸಮಾಧಾನವಾಗದಿದ್ದರೆ ವಾದ ಮಾಡುವುದು ಬೇಡ. ಒಂದು ಸಲ ಪಂದ್ಯದ ದಿನ ಅವರನ್ನು ಕರೆದುಕೊಂಡು ಹೋಗಿ, ಏರಿನ ಬಳಿ ನೆರಳಿನಲ್ಲಿ ಕುರ್ಚಿ ಹಾಕಿ ಕುಳ್ಳಿರಿಸಿರಿ. ಮೊಮ್ಮಗಳ ಮುಖವನ್ನು ಅವರು ನೋಡಲಿ. ಮಿಕ್ಕ ಮಾತನ್ನು ಅವರೇ ಆಡುವರು.